ಒಪ್ಪಂದಕ್ಕೆ ಒತ್ತೆಯಾದ ಸೀಮೆ

ಹಾಸನದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಚನ್ನರಾಯಪಟ್ಟಣ ಬಂದಾಗ ಬಹುಮಂದಿ ಪ್ರಯಾಣಿಕರಿಗೆ ನೆನಪಾಗುವುದು ಶ್ರವಣಬೆಳಗೊಳ. ಕೆಲವರಿಗೆ ತೆಂಗಿನ ತೋಟ, ಇನ್ನು ಕೆಲವರಿಗೆ ಬಸ್ಸು ನಿಂತಾಗ ಕುಡಿದ ಕಾಫಿ. ಈ ಊರು, ಇದರ ಸುತ್ತಣ ಸೀಮೆಯೊಡನೆ, ಒಂದು ಕಾಲದಲ್ಲಿ ಒತ್ತೆ ಬಿದ್ದಿತ್ತು ಎಂಬ ಸಂಗತಿ ಊರಿನವರಲ್ಲಿಯೂ ಅನೇಕರಿಗೆ ತಿಳಿಯದು. ಕಷ್ಟಕ್ಕೆ ಸಿಕ್ಕಿದ ಸಂಸಾರಿಗನು ಹೆಂಡತಿಯ ಓಲೆಯನ್ನು ಸಾಹುಕಾರನಲ್ಲಿ ಒತ್ತೆಯಿಟ್ಟು ಸಾಲ ತರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಒಂದು ರಾಜ್ಯವು ತನ್ನ ಊರುಗಳನ್ನೂ ಕೆರೆಗಳನ್ನೂ ಉಳುವ ಒಕ್ಕಲುಗಳನ್ನೂ ನೆರೆರಾಜ್ಯದ ಕೈಯಲ್ಲಿ ಒತ್ತೆಯಿಟ್ಟು ಶಾಂತಿಯನ್ನು ಕೊಂಡುಕೊಂಡ ಕಥೆ ಅಷ್ಟು ಸಾಮಾನ್ಯವಾದುದಲ್ಲ.

ಈ ಹಳೆಯ ಸಂಗತಿ ನನಗೆ ಮತ್ತೆ ನೆನಪಾದುದಕ್ಕೆ ತರಗತಿಯ ಒಂದು ಚರ್ಚೆ ಕಾರಣ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಪ್ರವಾಸಿಗರ ಹತ್ಯೆ ನಡೆಯಿತು. ಮರುದಿನ ಭಾರತ ಸರ್ಕಾರವು ಪಾಕಿಸ್ತಾನದೊಡನೆ 1960ರಲ್ಲಿ ಆಗಿದ್ದ ಸಿಂಧೂ ಜಲ ಒಪ್ಪಂದವನ್ನು ತಡೆಹಿಡಿದಿರುವುದಾಗಿ ಸಾರಿತು. ಆ ಬಳಿಕ ಒಂದು ದಿನ ಪಾಠ ಬದಿಗೆ ಸರಿದು ಅದೇ ಮಾತಾಯಿತು. “ಮಾತಿಗೆ ತಪ್ಪಿದ ನೆರೆಯವನಿಗೆ ನೀರು, ದಾರಿ, ವ್ಯಾಪಾರ ಎಲ್ಲವನ್ನೂ ಮುಚ್ಚಬೇಕು ಸಾರ್” ಎಂದು ಒಬ್ಬ ವಿದ್ಯಾರ್ಥಿ ಆವೇಶದಿಂದ ಹೇಳಿದ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ, “ಮುಚ್ಚಿದರೆ ಒಣಗುವುದು ಯಾರ ಹೊಲ ಸಾರ್? ತಪ್ಪಿದವನದೊ, ಅವನ ಊರಿನ ರೈತನದೊ?” ಎಂದಳು. ಇಬ್ಬರ ಮಾತಿನಲ್ಲಿಯೂ ಹುರುಳಿತ್ತು. ಕೊಲೆಗಡುಕನಿಗೆ ತಕ್ಕ ಶಿಕ್ಷೆಯೇನು ಎಂಬುದು ಒಂದು ಪ್ರಶ್ನೆ. ನೆರೆಹೊರೆಯ ರಾಜ್ಯಗಳು ಮಾಡಿಕೊಂಡ ಒಡಂಬಡಿಕೆಯನ್ನು ಒತ್ತಾಯದಿಂದ ಉಳಿಸಬಹುದೆ ಎಂಬುದು ಮತ್ತೊಂದು. ಮೊದಲನೆಯದನ್ನು ತಿಳಿದವರಿಗೆ ಬಿಟ್ಟು ಎರಡನೆಯದನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಏಳನೆಯ ಅಧಿಕರಣದಲ್ಲಿ ಸಂಧಿಯನ್ನು ಕುರಿತ ಒಂದು ರಮ್ಯವಾದ ವಾದವಿದೆ. ಮಾತು ಕೊಟ್ಟು, ಆಣೆಯಿಟ್ಟು ಮಾಡಿಕೊಂಡ ಸಂಧಿ ಚಂಚಲವಾದುದು, ಹೊಣೆಗಾರನನ್ನೊ ಒತ್ತೆಯಾಳನ್ನೊ ಪಡೆದು ಮಾಡಿಕೊಂಡ ಸಂಧಿಯೇ ಸ್ಥಿರವಾದುದು ಎಂಬುದು ಅವನ ಹಿಂದಿನ ಆಚಾರ್ಯರ ಮತ. ಕೌಟಿಲ್ಯನು ಇದನ್ನು ಒಪ್ಪುವುದಿಲ್ಲ. ಸತ್ಯ ಮತ್ತು ಶಪಥಗಳು ಇಹಕ್ಕೂ ಪರಕ್ಕೂ ಸಲ್ಲುವುವು. ಹೊಣೆ ಮತ್ತು ಒತ್ತೆಗಳು ಇಹಕ್ಕೆ ಮಾತ್ರ, ಅದೂ ಬಲವಿರುವಷ್ಟು ಕಾಲ ಮಾತ್ರ ಎಂಬುದು ಅವನ ತೀರ್ಮಾನ. ಕಠೋರ ರಾಜನೀತಿಜ್ಞನೆಂದು ಹೆಸರಾದವನ ಬಾಯಲ್ಲಿ ಈ ಮಾತು ಬರುವುದು ಆಶ್ಚರ್ಯವೆನ್ನಿಸಬಹುದು. ಆದರೆ ಆತ ಲೋಕವನ್ನು ಕಂಡವನು. ಅದೇ ಪ್ರಕರಣದಲ್ಲಿ ಮುಂದೆ, ಒತ್ತೆಯಿಡುವಾಗ ತನಗೆ ಬೇಡವಾದವನನ್ನೇ ಇಡುವ ಉಪಾಯವನ್ನೂ, ಒತ್ತೆಯಿಟ್ಟವನನ್ನು ಉಪಾಯದಿಂದ ಬಿಡಿಸಿಕೊಂಡು ಬರುವ ಬಗೆಗಳನ್ನೂ ಅವನೇ ಸಾವಕಾಶವಾಗಿ ವಿವರಿಸುತ್ತಾನೆ! ಒತ್ತಾಯದ ಬೇಲಿ ಎಷ್ಟು ಬಿಗಿಯಾಗಿದ್ದರೂ ಅದರಲ್ಲಿ ಕಂಡಿ ಹುಡುಕುವ ಬುದ್ಧಿ ಅದರೊಡನೆಯೇ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ಚನ್ನರಾಯಪಟ್ಟಣದ ಕಥೆಗೆ ಬರೋಣ. 1757ರಲ್ಲಿ ಪೇಶ್ವೆ ಬಾಲಾಜಿ ಬಾಜಿರಾಯನು ದೊಡ್ಡ ದಂಡಿನೊಡನೆ ಶ್ರೀರಂಗಪಟ್ಟಣದ ಮುಂದೆ ಬಂದು ನಿಂತು ಕಪ್ಪವನ್ನು ಕೇಳಿದ. ಮೈಸೂರಿನ ಸಿಂಹಾಸನದಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರಿದ್ದರೂ ರಾಜ್ಯದ ಸೂತ್ರ ಕಳಲೆಯ ಮನೆತನದ ಕೈಯಲ್ಲಿತ್ತು. ಆಗ ಸರ್ವಾಧಿಕಾರಿಯಾಗಿದ್ದ ನಂಜರಾಜಯ್ಯನು ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತನಲ್ಲ. ‘ಕಕುದ್ಗಿರಿ ಮಾಹಾತ್ಮ್ಯ’ ಮೊದಲಾದ ಕನ್ನಡ ಗ್ರಂಥಗಳನ್ನು ರಚಿಸಿದವನು ಅವನೇ. ತಿರುಚಿನಾಪಳ್ಳಿಯ ಆಸೆಗಾಗಿ ವರ್ಷಗಟ್ಟಲೆ ಯುದ್ಧ ಮಾಡಿ ಬೊಕ್ಕಸವನ್ನು ಬರಿದು ಮಾಡಿಕೊಂಡಿದ್ದವನೂ ಅವನೇ. 32 ಲಕ್ಷ ರೂಪಾಯಿಗೆ ಒಪ್ಪಂದ ಕುದುರಿತು. ಅರಮನೆಯ ನಗದನ್ನೂ ಒಡವೆಯನ್ನೂ ಕೂಡಿಸಿದರೂ ಸುಮಾರು 5 ಲಕ್ಷಕ್ಕಿಂತ ಹೆಚ್ಚು ಹೊರಡಲಿಲ್ಲ. ಉಳಿದುದಕ್ಕೆ ಭದ್ರತೆಯಾಗಿ ಫಲವತ್ತಾದ ಹಲವು ತಾಲ್ಲೂಕುಗಳನ್ನು ಒತ್ತೆಯಿಡಬೇಕಾಯಿತು. ನಾಗಮಂಗಲ, ಬೆಳ್ಳೂರು, ಕಿಕ್ಕೇರಿ, ಕಡೂರು, ಬಾಣಾವರ, ಹಾರನಹಳ್ಳಿ, ತುರುವೇಕೆರೆ ಇವುಗಳೊಡನೆ ಚನ್ನರಾಯಪಟ್ಟಣವೂ ಆ ಪಟ್ಟಿಯಲ್ಲಿ ಸೇರಿತು. ವಸೂಲಿಗೆಂದು ಮರಾಠಾ ಅಧಿಕಾರಿಗಳೂ, ಅವರ ಕಾವಲಿಗೆಂದು ಸವಾರರೂ ಈ ಸೀಮೆಯಲ್ಲಿ ನೆಲೆನಿಂತರು.

ಈ ಏರ್ಪಾಡಿನಲ್ಲಿ ಅಡಗಿದ್ದ ವಿಪರೀತವನ್ನು ಗಮನಿಸಬೇಕು. ಸಾಲ ತೀರಬೇಕಾದುದು ಕಂದಾಯದಿಂದ. ಕಂದಾಯ ಬರಬೇಕಾದ ನೆಲವೇ ಸಾಲಗಾರನ ಕೈಬಿಟ್ಟು ಹೋಯಿತು. ದುಡಿಯುವ ಎತ್ತನ್ನು ಜಪ್ತಿ ಮಾಡಿ, ಉತ್ತು ಬೆಳೆದು ಸಾಲ ತೀರಿಸೆಂದು ಹೇಳಿದಂತಾಯಿತು. ಒಪ್ಪಂದಕ್ಕೆ ಮೊಹರು ಹಾಕಿದವರು ಶ್ರೀರಂಗಪಟ್ಟಣದ ಕೋಟೆಯೊಳಗೆ ಉಳಿದರು. ಅದರ ಭಾರ ಹೊತ್ತವರು ಯಾವ ಮೊಹರನ್ನೂ ಕಾಣದ ಚನ್ನರಾಯಪಟ್ಟಣದ ಒಕ್ಕಲುಗಳು. ಹೀಗಾಗಿ ಯಾರನ್ನು ಬಿಗಿದರೆ ಮಾತು ನಡೆಯುತ್ತಿತ್ತೋ ಅವರಿಗೆ ಬಿಗಿ ತಟ್ಟಲಿಲ್ಲ. ಯಾರಿಗೆ ತಟ್ಟಿತೋ ಅವರ ಕೈಯಲ್ಲಿ ಮಾತನ್ನು ನಡೆಸುವ ಅಧಿಕಾರವಿರಲಿಲ್ಲ.

ಫಲವು ಬೇಗನೆ ಕಂಡಿತು. ಆಗ ದಿಂಡಿಗಲ್ಲಿನ ಫೌಜುದಾರನಾಗಿದ್ದ ಹೈದರನು ಈ ಒಪ್ಪಂದವನ್ನು ಮೆಚ್ಚಲಿಲ್ಲ. ಮಳೆಗಾಲ ಹಿಡಿದು ಹೊಳೆಗಳು ತುಂಬಿದರೆ ಉತ್ತರದಿಂದ ದಂಡು ಬರಲಾರದು, ಆಗ ಒತ್ತೆಯ ಸೀಮೆಯಿಂದ ಮರಾಠರನ್ನು ಹೊರಡಿಸಬಹುದು ಎಂಬುದು ಅವನ ಸಲಹೆ. ಅದರಂತೆಯೇ ನಡೆಯಿತು. ಮೈಸೂರು ಮಾತಿಗೆ ತಪ್ಪಿತು. ನಮ್ಮ ನಾಡಿನವರೆಂದು ಇದನ್ನು ಮರೆಮಾಡಬೇಕಾದುದಿಲ್ಲ. 1759ರಲ್ಲಿ ಗೋಪಾಲರಾವ್ ಪಟವರ್ಧನನ ನಾಯಕತ್ವದಲ್ಲಿ ಮರಾಠರು ಮತ್ತೆ ಬಂದರು. ಬೆಂಗಳೂರಿಗೆ ಮುತ್ತಿಗೆ ಬಿದ್ದಿತು, ಚನ್ನಪಟ್ಟಣ ಕೈಬಿಟ್ಟಿತು. ಹೈದರನು ಸೇನಾಪತಿಯಾಗಿ ತಿಂಗಳುಗಟ್ಟಲೆ ಹೋರಾಡಿದ ಮೇಲೆ ಎರಡನೆಯ ಒಪ್ಪಂದವಾಯಿತು: ಮರಾಠರು ಒತ್ತೆಯ ತಾಲ್ಲೂಕುಗಳ ಮೇಲಣ ಹಕ್ಕನ್ನು ಬಿಡತಕ್ಕದ್ದು, ಮೈಸೂರು ಹಳೆಯದು ಹೊಸದು ಎಲ್ಲಕ್ಕೂ ಸೇರಿಸಿ 32 ಲಕ್ಷವನ್ನು ತೆರತಕ್ಕದ್ದು. ಅರ್ಧ ಹಣವು ಅಧಿಕಾರಿಗಳ ನಜರಾಣೆಯಿಂದ ಕೂಡಿತು. ಉಳಿದರ್ಧವನ್ನು ಸಾಹುಕಾರರು ಹೈದರನ ಹೊಣೆಯ ಮೇಲೆ ಕೊಟ್ಟರು. ಆ ಸಾಲವನ್ನು ತೀರಿಸುವುದಕ್ಕೆಂದು ಬಿಡಿಸಿಕೊಂಡ ಸೀಮೆಯ ಆಡಳಿತ ಅವನ ಕೈಗೆ ಬಂದಿತು. ‘ಫತೆ ಹೈದರ್ ಬಹಾದ್ದೂರ್’ ಎಂಬ ಬಿರುದೂ ಬಂದಿತು. ಎರಡು ವರ್ಷ ತುಂಬುವುದರೊಳಗೆ, 1761ರಲ್ಲಿ, ರಾಜ್ಯವೇ ಅವನ ಕೈಗೆ ಬಂದಿತು. ಮರಾಠರು ಮೈಸೂರನ್ನು ಹದ್ದಿನಲ್ಲಿಡಬೇಕೆಂದು ಹೂಡಿದ ಒತ್ತೆಯು, ಅವರಿಗೆ ಮುಂದೆ ಇಪ್ಪತ್ತು ವರ್ಷ ಎದುರುನಿಲ್ಲುವ ಬಲಿಷ್ಠನನ್ನು ಮೇಲಕ್ಕೆತ್ತುವ ಏಣಿಯಾಯಿತು.

ಒತ್ತೆ ಎಂಬುದು ಎಂದೂ ಕೆಲಸ ಮಾಡಲಾರದೆ? ಹಾಗೆ ಹೇಳಿದರೆ ಚರಿತ್ರೆಗೆ ಅಪಚಾರವಾಗುತ್ತದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಲು ಒಪ್ಪಿ, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ಎಳೆಯ ಮಕ್ಕಳಿಬ್ಬರನ್ನು ಕಾರ್ನ್‌ವಾಲಿಸನ ಕೈಗೆ ಒಪ್ಪಿಸಿದ. ಇಲ್ಲಿ ಒತ್ತೆಯು ಮೊಹರು ಹಾಕಿದವನ ಕರುಳಿಗೇ ಕಟ್ಟಿದುದು. ಆದುದರಿಂದ ಹಣ ಸಂದಿತು. 1794ರಲ್ಲಿ ಮಕ್ಕಳು ತಂದೆಯ ಬಳಿಗೆ ಹಿಂದಿರುಗಿದರು. ಷರತ್ತು ಅಕ್ಷರಶಃ ನೆರವೇರಿತು ಎನ್ನಬೇಕು. ಆದರೆ ಶಾಂತಿ? ಐದು ವರ್ಷಗಳಲ್ಲಿ, 1799ರ ಮೇ 4ರಂದು, ಅದೇ ಕೋಟೆಯಲ್ಲಿ ಸುಲ್ತಾನನು ಹೆಣವಾಗಿ ಬಿದ್ದಿದ್ದ. ಷರತ್ತನ್ನು ನಡೆಸುವುದು ಬೇರೆ, ಶಾಂತಿಯನ್ನು ನಿಲ್ಲಿಸುವುದು ಬೇರೆ. ಒತ್ತಾಯವು ಮೊದಲನೆಯದನ್ನು ಸಾಧಿಸಬಲ್ಲದು. ಎರಡನೆಯದಕ್ಕೆ ಅದು ಬೇಲಿಯಾಗಬಹುದೇ ಹೊರತು ಬೆಳೆಯಾಗಲಾರದು.

ನಮ್ಮ ಕಾಲದ ಲೋಕವು ಒತ್ತೆಯಾಳುಗಳನ್ನು ಬಿಟ್ಟು ಆರ್ಥಿಕ ನಿರ್ಬಂಧವನ್ನು ಹಿಡಿದಿದೆ. ವ್ಯಾಪಾರವನ್ನು ನಿಲ್ಲಿಸುವುದು, ಸಾಲವನ್ನು ತಡೆಯುವುದು, ಆಯುಧ ಮಾರದಿರುವುದು, ಇವೆಲ್ಲ ರಕ್ತ ಚೆಲ್ಲದೆ ಮಾತನ್ನು ನಡೆಸುವ ಉಪಾಯಗಳೆಂದು ಹೇಳುತ್ತಾರೆ. ಇದರ ಅನುಭವವೂ ಮೇಲಿನದಕ್ಕಿಂತ ಬೇರೆಯಲ್ಲ. 1935ರಲ್ಲಿ ಇಟಲಿಯು ಇಥಿಯೋಪಿಯದ ಮೇಲೆ ಬಿದ್ದಾಗ ರಾಷ್ಟ್ರಸಂಘವು ಇಟಲಿಗೆ ನಿರ್ಬಂಧ ಹಾಕಿತು. ಆದರೆ ದಂಡನ್ನು ಓಡಿಸುವ ಎಣ್ಣೆಯನ್ನು ನಿಲ್ಲಿಸಲಿಲ್ಲ, ಸೂಯೆಜ್ ಕಾಲುವೆಯನ್ನು ಮುಚ್ಚಲಿಲ್ಲ. 1936ರ ಮೇ ತಿಂಗಳಲ್ಲಿ ಅಡಿಸ್ ಅಬಾಬಾ ಬಿದ್ದಿತು. ಜುಲೈಯಲ್ಲಿ ನಿರ್ಬಂಧವೂ ಬಿದ್ದುಹೋಯಿತು. ತಟ್ಟಬೇಕಾದಲ್ಲಿ ತಟ್ಟದ ನಿರ್ಬಂಧವು ನಿರ್ಬಂಧವಿಲ್ಲದುದಕ್ಕಿಂತ ಕೇಡು. ಏಕೆಂದರೆ ದುರ್ಬಲನು ಅದನ್ನು ನಂಬಿ ಕುಳಿತಿರುತ್ತಾನೆ.

ಅದೇ ಇಥಿಯೋಪಿಯವು ತನ್ನ ನೆರೆಯ ಎರಿಟ್ರಿಯದೊಡನೆ 1998ರಿಂದ ಗಡಿಗಾಗಿ ಕಾದಿದಾಗ ವಿಶ್ವಸಂಸ್ಥೆಯು 2000ದ ಮೇ ತಿಂಗಳಲ್ಲಿ ಎರಡೂ ದೇಶಗಳಿಗೆ ಒಂದು ವರ್ಷ ಆಯುಧ ಮಾರಬಾರದೆಂದು ಕಟ್ಟು ಮಾಡಿತು. ಡಿಸೆಂಬರಿನಲ್ಲಿ ಅಲ್ಜಿಯರ್ಸಿನಲ್ಲಿ ಶಾಂತಿಯ ಒಪ್ಪಂದವಾಯಿತು. ಗಡಿಯ ಆಯೋಗ ಏನು ತೀರ್ಪು ಕೊಟ್ಟರೂ ಅದೇ ಅಂತಿಮ ಎಂದು ಇಬ್ಬರೂ ಒಪ್ಪಿದ್ದರು. 2002ರಲ್ಲಿ ತೀರ್ಪು ಬಂದು, ಬಾಡ್ಮೆ ಎಂಬ ಊರು ಎರಿಟ್ರಿಯಕ್ಕೆ ಸೇರಿದಾಗ ಇಥಿಯೋಪಿಯವು ಬಿಟ್ಟುಕೊಡಲಿಲ್ಲ. ಆಯುಧದ ಕಟ್ಟು ಅಷ್ಟರಲ್ಲಿ ಮುಗಿದಿತ್ತು. ತೀರ್ಪನ್ನು ನಡೆಸಲು ಒತ್ತುವವರು ಯಾರೂ ಇರಲಿಲ್ಲ. ಯುದ್ಧವೂ ಅಲ್ಲದ ಶಾಂತಿಯೂ ಅಲ್ಲದ ಸ್ಥಿತಿಯಲ್ಲಿ ಹದಿನಾರು ವರ್ಷ ಕಳೆದು 2018ರಲ್ಲಿ ಇಬ್ಬರು ನಾಯಕರು ಕೈಕುಲುಕಿದರು. ಒತ್ತಾಯವೇ ಬೇಡವೆನ್ನುವವರು ಈ ಹದಿನಾರು ವರ್ಷಗಳನ್ನು ಮರೆಯಬಾರದು.

ಇವೆರಡರ ನಡುವೆ ಯುಗೊಸ್ಲಾವಿಯದ ಉದಾಹರಣೆಯಿದೆ. ಬೋಸ್ನಿಯದ ಯುದ್ಧಕ್ಕಾಗಿ 1992ರಲ್ಲಿ ಅದರ ಮೇಲೆ ಬಿಗಿಯಾದ ನಿರ್ಬಂಧ ಬಿದ್ದಿತು. 1993ರ ಹೊತ್ತಿಗೆ ಅಲ್ಲಿಯ ನಾಣ್ಯವು ಬೆಲೆಗೆಟ್ಟು, ಪಿಂಚಣಿಯಿಂದ ಬದುಕುವ ಮುದುಕರು ರೊಟ್ಟಿಗೆ ಪರದಾಡಿದರು. ಅದಕ್ಕೆ ನಿರ್ಬಂಧವೊಂದೇ ಕಾರಣವಲ್ಲದಿದ್ದರೂ ಅದೂ ಒಂದು ಕಾರಣ. 1995ರ ನವೆಂಬರ್ 21ರಂದು ಡೇಟನ್ನಿನಲ್ಲಿ ಒಪ್ಪಂದಕ್ಕೆ ಅಂಕಿತ ಬಿದ್ದಿತು. ಮರುದಿನವೇ ವಿಶ್ವಸಂಸ್ಥೆಯು ನಿರ್ಬಂಧವನ್ನು ತೆಗೆದುಹಾಕಲಿಲ್ಲ, ಅಮಾನತಿನಲ್ಲಿಟ್ಟಿತು: ಮಾತು ನಡೆದರೆ ಹೋಗುತ್ತದೆ, ತಪ್ಪಿದರೆ ಮರಳುತ್ತದೆ. ಬೋಸ್ನಿಯದಲ್ಲಿ ಚುನಾವಣೆ ನಡೆದ ಮೇಲೆ 1996ರ ಅಕ್ಟೋಬರಿನಲ್ಲಿ ಅದು ಪೂರ್ಣವಾಗಿ ರದ್ದಾಯಿತು. ಹಿಂದಿರುಗುವ ದಾರಿಯನ್ನು ಮೊದಲೇ ತೋರಿಸಿದ್ದುದೇ ಇದರ ವಿವೇಕ. ನಮ್ಮ ಹಳ್ಳಿಯ ಪಂಚಾಯಿತಿಗಳಲ್ಲಿ ‘ತಪ್ಪುಕಾಣಿಕೆ’ ಎಂಬುದೊಂದಿತ್ತು. ಇಷ್ಟು ತೆತ್ತರೆ ನೀನು ಮತ್ತೆ ನಮ್ಮವನು ಎಂಬ ಮಾತು ಅದರೊಳಗಿತ್ತು. ಆ ಕಾಣಿಕೆಯ ದಾರಿಯನ್ನು ಮುಚ್ಚಿ ಕೇವಲ ಬಹಿಷ್ಕಾರವನ್ನೇ ಉಳಿಸಿಕೊಂಡ ಊರುಗಳೂ ಇದ್ದವು. ಅಲ್ಲಿ ನಡೆದುದು ನ್ಯಾಯವಲ್ಲ, ಬಲಹೀನರ ಮೇಲಣ ಕ್ರೌರ್ಯ.

ಈಗ ನಮ್ಮ ಜಿಲ್ಲೆಗೇ ಹಿಂದಿರುಗೋಣ. ರಾಜರು ಹೋದರೂ ನೆರೆಯ ಸೀಮೆಗಳ ಒಡಂಬಡಿಕೆಗಳು ಹೋಗಲಿಲ್ಲ. ಕತ್ತಿಯ ಜಗಳದ ಸ್ಥಾನಕ್ಕೆ ನೀರಿನ ಜಗಳ ಬಂದಿತು. ಮೈಸೂರು ಮತ್ತು ಮದರಾಸುಗಳ ನಡುವೆ ಕಾವೇರಿಯ ನೀರಿಗಾಗಿ 1892ರಲ್ಲೊಮ್ಮೆ, 1924ರಲ್ಲೊಮ್ಮೆ ಒಪ್ಪಂದಗಳಾದುವು. ಕೆಳಗಿನ ತಂಜಾವೂರಿನ ಗದ್ದೆಗಳಿಗೆ ಹಳೆಯ ಹಕ್ಕು. ಮೇಲಿನ ಮೈಸೂರಿನ ಒಣಭೂಮಿಗೆ ಹೊಸ ಆಸೆ. ಕಾವೇರಿಯ ಉಪನದಿಯಾದ ಹೇಮಾವತಿಗೆ ಗೊರೂರಿನ ಬಳಿ ಅಣೆಕಟ್ಟು ಕಟ್ಟಲು ನಮ್ಮವರು ಹೊರಟಾಗ ಈ ಒಪ್ಪಂದಗಳ ಪ್ರಶ್ನೆ ಎದ್ದಿತು. ವಿವಾದ ತೀರದೆ ಯೋಜನಾ ಆಯೋಗದ ಒಪ್ಪಿಗೆಯಿಲ್ಲ, ಒಪ್ಪಿಗೆಯಿಲ್ಲದೆ ಯೋಜನೆಯ ಹಣವಿಲ್ಲ. ಹೆಸರು ಏನೇ ಇರಲಿ, ಇದೂ ಒಂದು ನಿರ್ಬಂಧವೇ. ಹಾರಂಗಿ, ಕಬಿನಿಗಳಂತೆ ಹೇಮಾವತಿಯನ್ನೂ ಕರ್ನಾಟಕವು ಯೋಜನೇತರವೆಂದು ಬರೆದು ತನ್ನ ಬೊಕ್ಕಸದಿಂದಲೇ ಕಟ್ಟಿತು. 1979ರಲ್ಲಿ ಅಣೆಕಟ್ಟು ಮುಗಿದು, ಸುಮಾರು 37 ಟಿಎಂಸಿ ನೀರು ನಿಲ್ಲುವ ಜಲಾಶಯವಾಯಿತು. ಬಲದಂಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರಗಳ ಹೊಲಗಳಿಗೆ ಇಳಿದುವು. ಎಡದಂಡೆಯ ನಾಲೆ ಚನ್ನರಾಯಪಟ್ಟಣ ತಾಲ್ಲೂಕನ್ನು ಹಾದು, ಬಾಗೂರು–ನವಿಲೆಯ ಸುರಂಗದಲ್ಲಿ ನುಸುಳಿ ತುಮಕೂರು ಸೀಮೆಗೆ ಹೋಯಿತು. ಹಿಂದೆ ಪೇಶ್ವೆಗೆ ಒತ್ತೆ ಬಿದ್ದಿದ್ದ ನೆಲಕ್ಕೆ ಹೀಗೆ ನೀರು ಬಂದಿತು.

ಈ ನಿರ್ಬಂಧವು ಏನನ್ನು ಸಾಧಿಸಿತು? ಅಣೆಕಟ್ಟನ್ನು ತಡೆಯಲಿಲ್ಲ, ಬಡ ಬೊಕ್ಕಸದ ಮೇಲೆ ಭಾರ ಹೇರಿ ರೈತನನ್ನು ಕಾಯಿಸಿತು. ಅತ್ತ ತಮಿಳುನಾಡಿನ ರೈತನ ಆತಂಕವನ್ನೂ ಅದು ಕಳೆಯಲಿಲ್ಲ. ವಿವಾದವು ಒಂದು ನೆಲೆಗೆ ಬಂದುದು ಇನ್ನೊಂದು ದಾರಿಯಿಂದ. 1990ರಲ್ಲಿ ನ್ಯಾಯಮಂಡಲಿ ಏರ್ಪಟ್ಟಿತು. 2007ರ ಫೆಬ್ರವರಿ 5ರಂದು ಅದರ ಅಂತಿಮ ತೀರ್ಪು ಬಂದಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಿದ್ದಿ, ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ನೀರು ಹರಿಯಬೇಕೆಂದು ಗೊತ್ತುಪಡಿಸಿತು. ಅದೇ ವರ್ಷ ನಿರ್ವಹಣಾ ಪ್ರಾಧಿಕಾರವೊಂದು ರಚಿತವಾಯಿತು. ಬಿಳಿಗುಂಡ್ಲುವಿನ ಮಾಪನ ಕೇಂದ್ರವು ಕರ್ನಾಟಕದ್ದೂ ಅಲ್ಲ, ತಮಿಳುನಾಡಿನದೂ ಅಲ್ಲ. ಕೇಂದ್ರ ಜಲ ಆಯೋಗದ್ದು. ಇದರಿಂದ ಜಗಳ ಮುಗಿಯಿತೆಂದು ಹೇಳುವ ಎದೆಗಾರಿಕೆ ನನಗಿಲ್ಲ. 1991ರಲ್ಲಿಯೂ 2016ರಲ್ಲಿಯೂ ಬೀದಿಗಳಲ್ಲಿ ನಡೆದುದನ್ನು ನಾವು ಬಲ್ಲೆವು. ಮಳೆ ತಪ್ಪಿದ ವರ್ಷ ಎಲ್ಲ ಅಂಕಿಗಳೂ ಮತ್ತೆ ಚರ್ಚೆಗೆ ಬರುತ್ತವೆ. ಆದರೂ ತಪ್ಪಿದ್ದು ಯಾರು, ಎಷ್ಟು, ಯಾವ ತಿಂಗಳು ಎಂಬುದನ್ನು ಇಬ್ಬರೂ ಒಂದೇ ಅಳತೆಗೋಲಿನಲ್ಲಿ ನೋಡುವಂತಾದುದು ಸಣ್ಣ ಲಾಭವಲ್ಲ. ಅಳತೆಯಿಲ್ಲದ ಕಡೆ ಇಬ್ಬರೂ ತಾವೇ ಮೋಸಹೋದೆವೆಂದು ನಂಬುತ್ತಾರೆ. ಹಾಗೆ ನಂಬಿದವರ ಮೇಲೆ ಬೀಳುವ ನಿರ್ಬಂಧವು ದಂಡನೆಯಾಗಿ ಕಾಣುವುದಿಲ್ಲ, ಅನ್ಯಾಯವಾಗಿ ಕಾಣುತ್ತದೆ.

ಹೇಮಾವತಿಯ ದಡದ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ಎಚ್. ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರ ಡಿಸೆಂಬರ್ 12ರಂದು, ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಅವರೊಡನೆ ಗಂಗಾ ಜಲ ಒಪ್ಪಂದಕ್ಕೆ ಅಂಕಿತ ಹಾಕಿದರು. ಅವಧಿ 30 ವರ್ಷ. ಅದರಲ್ಲಿ ತಪ್ಪಿದವನಿಗೆ ಇಂಥ ದಂಡ ಎಂಬ ಮಾತಿಲ್ಲ. ಆದರೆ ಬೇಸಗೆಯ ಹತ್ತು ಹತ್ತು ದಿನಗಳಿಗೆ ಪಾಲಿನ ಲೆಕ್ಕವಿದೆ. ಮಾರ್ಚ್ 11ರಿಂದ ಮೇ 10ರವರೆಗೆ ಸರದಿಯಂತೆ ಒಬ್ಬೊಬ್ಬರಿಗೆ 35,000 ಕ್ಯುಸೆಕ್ಸಿನ ಭರವಸೆಯಿದೆ. ಫರಕ್ಕಾದಲ್ಲಿಯೂ ಹಾರ್ಡಿಂಜ್ ಸೇತುವೆಯ ಬಳಿಯಲ್ಲಿಯೂ ಎರಡೂ ದೇಶದವರು ಜೊತೆಯಾಗಿ ನಿಂತು ನೀರನ್ನು ಅಳೆಯುವ ಏರ್ಪಾಡಿದೆ. ದೂರುಗಳು ಬಂದುವು, ಅಸಮಾಧಾನಗಳೂ ಉಳಿದುವು; ಆದರೆ ಒಪ್ಪಂದವನ್ನು ಉಳಿಸಲು ದಂಡು ಹೊರಡಬೇಕಾಗಲಿಲ್ಲ, ಯಾವ ಸೀಮೆಯೂ ಒತ್ತೆ ಬೀಳಬೇಕಾಗಲಿಲ್ಲ.

ತರಗತಿಯ ಆ ಇಬ್ಬರಿಗೂ ನಾನು ಕೊಡಬಹುದಾದ ಉತ್ತರ ಇಷ್ಟೆ. ಮಾತಿಗೆ ತಪ್ಪಿದವನನ್ನು ಒತ್ತುವುದು ತಪ್ಪಲ್ಲ; ಒತ್ತದೆ ಬಿಡುವುದೂ ಒಂದು ಪಕ್ಷಪಾತವೇ. ಆದರೆ ಒತ್ತುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಭಾರವು ಮೊಹರು ಹಾಕಿದವನಿಗೆ ತಟ್ಟುವುದೆ? ಅವನು ತಪ್ಪಿದ್ದನ್ನು ಇಬ್ಬರೂ ಒಪ್ಪುವ ಅಳತೆಯಿಂದ ತೋರಿಸಬಹುದೆ? ಅವನು ತಿದ್ದಿಕೊಂಡ ದಿನ ಭಾರವನ್ನು ಇಳಿಸುವೆನೆಂಬ ಮಾತನ್ನು ನಾವು ಮೊದಲೇ ಕೊಟ್ಟಿದ್ದೇವೆಯೆ, ಕೊಟ್ಟರೆ ನಡೆಸುತ್ತೇವೆಯೆ? ಮೂರನೆಯ ಪ್ರಶ್ನೆ ನಮ್ಮ ಸತ್ಯವನ್ನು ಕುರಿತದ್ದು. ಒತ್ತೆಗಿಂತ ಸತ್ಯವೇ ಸ್ಥಿರವೆಂದು ಕೌಟಿಲ್ಯನು ಹೇಳಿದಾಗ ಬಹುಶಃ ಅವನ ಮನಸ್ಸಿನಲ್ಲಿದ್ದುದು ಇದೇ ಇರಬೇಕು: ಒತ್ತಾಯವೂ ಕೂಡ ಒತ್ತುವವನ ಮಾತಿಗೆ ಬೆಲೆಯಿದ್ದರೆ ಮಾತ್ರ ನಡೆಯುತ್ತದೆ.

ಚನ್ನರಾಯಪಟ್ಟಣದ ಕಡೆ ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಏರಿಯ ಮೇಲೆ ನಿಂತು ನೋಡಿದರೆ ಗದ್ದೆಗಳಲ್ಲಿ ನಾಟಿ ನಡೆಯುತ್ತಿರುತ್ತದೆ. 1757ರಲ್ಲಿಯೂ ಅಲ್ಲಿ ನಾಟಿ ನಡೆದಿದ್ದಿರಬೇಕು. ಕಂದಾಯ ಯಾರಿಗೆ ಸಲ್ಲುವುದೆಂಬುದು ಮಾತ್ರ ನಟ್ಟವರಿಗೆ ತಿಳಿದಿರಲಿಲ್ಲ. ಯಾವ ಗಡಿಯ ಆಚೆಯೇ ಆಗಲಿ, ನಾವು ಒಂದು ನಾಡಿಗೆ ನಿರ್ಬಂಧ ಹಾಕಬೇಕೆಂದು ಕೂಗುವ ಮುನ್ನ ಒಮ್ಮೆ ಆ ಹೊಲದಲ್ಲಿ ಬಗ್ಗಿ ನಿಂತವರನ್ನು ನೆನೆಯುವುದು ಒಳ್ಳೆಯದು. ನಮ್ಮ ಸೀಮೆಯವರಿಗಂತೂ ಇದು ಕಷ್ಟವಾಗಬಾರದು. ಒತ್ತೆ ಬಿದ್ದವರ ವಂಶ ನಮ್ಮದು.